ತೂಕ ಇಳಿದ ಸೇತುವೆ ನಾಣ್ಯ

ಅರಿಶಿನಕುಂಟೆಯ ಮುನಿವೆಂಕಟಪ್ಪ ತನ್ನ ಚಿನ್ನವನ್ನು ಬರಿಗೈಯಲ್ಲಿ ಮುಟ್ಟಿದವನಲ್ಲ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಎರಡೂ ಕೈಗೆ ಬಿಳಿ ಗ್ಲೌಸು ಏರಿಸಿಕೊಂಡು ಬೀರು ತೆಗೆಯುತ್ತಿದ್ದ. ಗ್ಲೌಸು ಅವನ ಹೆಂಡತಿ ಮುನಿರತ್ನಮ್ಮ ಕೆಲಸಕ್ಕೆ ಹೋಗುವ ಗಾರ್ಮೆಂಟ್ಸಿನದು. ಬೀರುವಿನ ಮೇಲಿನ ಖಾನೆಯಲ್ಲಿ ಒಂದು ನೀಲಿ ಮಖಮಲ್ಲಿನ ಡಬ್ಬಿ. ಡಬ್ಬಿಯೊಳಗೆ ನಾಲ್ಕು ಗುಂಡನೆಯ ಪ್ಲಾಸ್ಟಿಕ್ ಕರಡಿಗೆ. ಒಂದೊಂದರಲ್ಲೂ ಎಂಟು ಗ್ರಾಮಿನ ಒಂದೊಂದು ಚಿನ್ನದ ನಾಣ್ಯ, ಅಂಚಿಗೆ ಕಪ್ಪು ಸ್ಪಂಜಿನ ಬಳೆ ತೊಟ್ಟುಕೊಂಡು ಕೂತಿತ್ತು.

ಎಲ್ಲವೂ ನೆನಪಿನ ನಾಣ್ಯಗಳು. ಯಾವುದೋ ನದಿಯ ಸೇತುವೆಗೆ ನೂರು ವರ್ಷ ತುಂಬಿದ ನೆನಪಿಗೆ ಒಂದು, ಯಾವುದೋ ಸಹಕಾರ ಸಂಘದ ನೆನಪಿಗೆ ಒಂದು, ಒಂದು ಹಡಗಿನ ನೆನಪಿಗೆ, ಇನ್ನೊಂದು ಅಳಿದುಹೋದ ಹಕ್ಕಿಯ ನೆನಪಿಗೆ. ಆ ಸೇತುವೆಯನ್ನು ಮುನಿವೆಂಕಟಪ್ಪ ದಾಟಿದವನಲ್ಲ, ಹಡಗು ಹತ್ತಿದವನಲ್ಲ.

"ಹಕ್ಕಿ ಸತ್ತೋದ್ರೆ ನಾಣ್ಯ ಯಾಕಪ್ಪಾ ಹಾಕ್ತಾರೆ?" ಎಂದು ಅವನ ತಾಯಿ ಅಕ್ಕಯಮ್ಮ ಕೇಳಿದ್ದಳು. ಆಕೆಗೆ ಎಂಬತ್ತು ದಾಟಿತ್ತು.

"ನಿಂಗೆ ಗೊತ್ತಾಗಲ್ಲ ಬಿಡಮ್ಮ. ಇದು ಲಾಂಗ್ ಟರ್ಮ್ ಇನ್ವೆಸ್ಟ್‌ಮೆಂಟು. ಚಿನ್ನದ ಬೆಲೆ ಒಂದು, ಅದರ ಮೇಲೆ ನೆನಪಿನ ಬೆಲೆ ಇನ್ನೊಂದು. ಬೆರಳಿನ ಗುರುತು ಬಿತ್ತು ಅಂದ್ರೆ ನೆನಪಿನ ಬೆಲೆ ಹೋಯ್ತು."

ಈ ವಿದ್ಯೆ ಅವನಿಗೆ ಬಂದದ್ದು ದಾಬಸ್‌ಪೇಟೆಯ ವೇಬ್ರಿಡ್ಜಿನಲ್ಲಿ. ಅಲ್ಲಿ ಇಪ್ಪತ್ತೆರಡು ವರ್ಷದಿಂದ ಲಾರಿ ತೂಗುವುದು ಅವನ ಕೆಲಸ. ಮೂರು ವರ್ಷದ ಹಿಂದೆ ಒಬ್ಬ ಮ್ಯಾನೇಜರು, ತನ್ನ ಲಾರಿಯ ಡ್ರೈವರು ಟೀ ಕುಡಿದು ಬರುವಷ್ಟು ಹೊತ್ತಿನಲ್ಲಿ ನಾಣ್ಯ ಕೂಡಿಡುವ ಶಾಸ್ತ್ರವನ್ನೆಲ್ಲ ಹೇಳಿ ಹೋಗಿದ್ದ. ಡ್ರೈವರು ಬನ್ನನ್ನೂ ತಿಂದಿದ್ದರೆ ಮುನಿವೆಂಕಟಪ್ಪ ಇನ್ನೂ ಏನೇನು ಕಲಿಯುತ್ತಿದ್ದನೋ.

ನಾಲ್ಕೂ ನಾಣ್ಯ ಒಬ್ಬರಿಗಾಗಿ. ಆ ಒಬ್ಬರು ಇನ್ನೂ ಹುಟ್ಟಿರಲಿಲ್ಲ. ಮಗಳು ಮಾನಸ ಈಗ ತುಂಬಿದ ಬಸುರಿ, ಚೊಚ್ಚಲು. ಡಬ್ಬಿಯ ಮುಚ್ಚಳದೊಳಗೆ ಮುನಿವೆಂಕಟಪ್ಪ ಒಂದು ಚೀಟಿ ಅಂಟಿಸಿದ್ದ: "ಮೊಮ್ಮಗುವಿಗೆ ಇಪ್ಪತ್ತೊಂದು ತುಂಬುವ ತನಕ ಯಾರೂ ಮುಟ್ಟಕೂಡದು." ತನ್ನ ಅಪ್ಪನಿಂದ ತನಗೆ ಬಂದದ್ದು ಒಂದು ಕೊಡೆ, ಅದೂ ಒಂದು ಕಡ್ಡಿ ಮುರಿದದ್ದು. ತನ್ನ ಮೊಮ್ಮಗು ಮಾತ್ರ ಒಂದು ದಿನ ಡಬ್ಬಿ ತೆರೆದು, ಒಂದು ಗೀರೂ ಇಲ್ಲದ ಚಿನ್ನ ನೋಡಿ, ತಾತ ಎಂಥ ಮನುಷ್ಯ ಅನ್ನಬೇಕು. ಅವನು ಬದುಕಿನಲ್ಲಿ ಬಯಸಿದ್ದು ಅಷ್ಟೇ.

ಮೊದಲನೆಯ ನಾಣ್ಯ, ಅಂದರೆ ಸೇತುವೆ, ತಾಯಿಯ ಹಳೆಯ ಉಂಗುರ ಹಾಕಿ ತಂದದ್ದು. ಸವೆದು ಸವೆದು ದಾರದಂತಾಗಿದ್ದ ಉಂಗುರ. ಅದಕ್ಕೆ ಮೂರು ತಿಂಗಳ ಸಂಬಳದಲ್ಲಿ ಉಳಿಸಿದ್ದನ್ನು ಸೇರಿಸಿದ್ದ. "ಇದು ಇಷ್ಟು ತೆಳ್ಳಗೆ ಹೇಗಾಯ್ತಮ್ಮ?" ಎಂದು ಕೇಳಿದ್ದನೇನೋ ಹೌದು, ಆದರೆ ಆಕೆ ಬಾಯಿ ತೆರೆಯುವಷ್ಟರಲ್ಲಿ ನೆಲಮಂಗಲದ ಬಸ್ಸು ಬಂದಿತ್ತು. ಉಂಗುರದ ವಿಷಯ ಹೆಂಡತಿಗೆ ಹೇಳಿರಲಿಲ್ಲ. ಹೇಳಿದ್ದರೆ ನಾಣ್ಯ ಬರುತ್ತಿರಲಿಲ್ಲ.

ಮಾನಸಳಿಗೆ ಒಂಬತ್ತನೇ ತಿಂಗಳಲ್ಲಿ ಸೀಮಂತವಾಯಿತು. ಬಳೆ ತೊಡಿಸಿ, ಆರತಿ ಮುಗಿದು, ಜನ ಎಲೆಗೆ ಕಾಯುತ್ತ ಕೂತಾಗ ಮುನಿವೆಂಕಟಪ್ಪ ಗ್ಲೌಸು ಹಾಕಿಕೊಂಡು ಡಬ್ಬಿ ತಂದ. ಬೀಗರ ಮುಂದೆ ಮುಚ್ಚಳ ತೆಗೆದ. ಹೆಂಗಸರು ಬಗ್ಗಿ ನೋಡಿದರು. ಮುನಿರತ್ನಮ್ಮನ ತಮ್ಮ ಮೂರ್ತಿಯೂ ನೋಡಿದ. ಮೂರ್ತಿ ನೆಲಮಂಗಲದಲ್ಲಿ ಎಲೆಕ್ಟ್ರಿಕಲ್ ಕಂಟ್ರಾಕ್ಟು ಮಾಡುತ್ತಿದ್ದ, ಬಿಡುವಿನಲ್ಲಿ ಮಿಕ್ಕವರ ಬದುಕನ್ನು ರಿಪೇರಿ ಮಾಡುತ್ತಿದ್ದ.

"ಡಬ್ಬಿ ಚೆನ್ನಾಗಿದೆ ಭಾವ. ಒಳಗಿರೋದು ಸರಿಯಾಗಿದೆ ಅಂತ ಏನ್ ಗ್ಯಾರಂಟಿ?"

"ಸರ್ಟಿಫಿಕೇಟ್ ಇದೆ ಕಣೋ."

"ಸರ್ಟಿಫಿಕೇಟು ನಂಗೂ ಇದೆ, ಐಟಿಐ ಪಾಸು ಅಂತ. ಈ ಮನೆ ಫ್ಯಾನು ಹಾಕಿದ್ದು ನಾನೇ. ತಿರುಗ್ತಾ ಇದೆಯಾ?"

ಎಲ್ಲರೂ ತಲೆ ಎತ್ತಿ ನೋಡಿದರು. ಫ್ಯಾನು ತಿರುಗುತ್ತಿರಲಿಲ್ಲ. ಆ ಕ್ಷಣಕ್ಕೆ ನಾಲ್ಕು ನಾಣ್ಯದ ಮೇಲೂ ಸಂಶಯ ಬಂದು ಕೂತಿತು.

ಮಾರನೆಯ ದಿನ ಮುನಿವೆಂಕಟಪ್ಪ ಡಬ್ಬಿಯನ್ನು ಟಿಫನ್ ಚೀಲದಲ್ಲಿಟ್ಟುಕೊಂಡು ನೆಲಮಂಗಲದ ಹಬೀಬುಲ್ಲಾನ ಅಂಗಡಿಗೆ ಹೋದ. ಹಬೀಬುಲ್ಲಾ ಅರಿಶಿನಕುಂಟೆಯಲ್ಲಿ ಇವನ ಬೀದಿಯವನೇ, ಚಿಕ್ಕಂದಿನಿಂದ ಜೊತೆಗಾರ. ಅಂಗಡಿಯಲ್ಲಿ ಚಿನ್ನ ಬೆಳ್ಳಿ ತೂಗುವ ಸೂಕ್ಷ್ಮ ತಕ್ಕಡಿಗಳನ್ನು ರಿಪೇರಿ ಮಾಡುತ್ತಿದ್ದ.

"ತೆಗಿ ಗುರು, ತಟ್ಟೆಗೆ ಹಾಕು," ಅಂದ ಹಬೀಬುಲ್ಲಾ.

"ತೆಗೆಯೋದಾ? ಮುಟ್ಟಂಗಿಲ್ಲ ಇದನ್ನ. ಕರಡಿಗೆ ಸಮೇತ ತೂಗು. ಆಮೇಲೆ ಇಂಥದೇ ಖಾಲಿ ಕರಡಿಗೆ ತೂಗು. ಲೋಡ್ ಲಾರಿ ತೂಕದಲ್ಲಿ ಖಾಲಿ ಲಾರಿ ತೂಕ ಕಳೆದ್ರೆ ಮಾಲಿನ ತೂಕ. ಇಪ್ಪತ್ತೆರಡು ವರ್ಷದಿಂದ ಇದೇ ಮಾಡ್ತಾ ಇದೀನಿ."

ಹಬೀಬುಲ್ಲಾ ಖಾಲಿ ಕರಡಿಗೆ ತಂದು ಹಾಗೆಯೇ ತೂಗಿದ. ಸಂಘ, ಹಡಗು, ಹಕ್ಕಿ ಮೂರೂ ಎಂಟೆಂಟು ಗ್ರಾಂ. ಸೇತುವೆ ಮಾತ್ರ ಏಳು ಗ್ರಾಂ ಆರುನೂರ ತೊಂಬತ್ತೆರಡು ಮಿಲಿ.

"ನಿನ್ ತಕ್ಕಡಿ ಸರಿಯಿಲ್ಲ."

"ನನ್ ತಕ್ಕಡಿ ಮೇಲೆ ಕೂದಲು ಬಿದ್ರೂ ಹೇಳುತ್ತೆ. ನಿನ್ ತಕ್ಕಡಿ ಮೇಲೆ ಡ್ರೈವರು ಹತ್ತಿ ಇಳಿದ್ರೂ ಗೊತ್ತಾಗಲ್ಲ."

ಮೂರು ಸಲ ತೂಗಿದರು. ಚಿನ್ನ ಮೂರು ಸಲವೂ ಒಂದೇ ಮಾತು ಹೇಳಿತು. ಮುನಿವೆಂಕಟಪ್ಪ ಬಸ್ಸಿನಲ್ಲಿ ವಾಪಸು ಬರುವಾಗ ಯೋಚಿಸಿದ. ಬಿಸಿಲಲ್ಲಿ ನಿಂತ ಟ್ಯಾಂಕರಿನಲ್ಲಿ ಡೀಸೆಲ್ಲು ಆವಿಯಾಗಿ ತೂಕ ಇಳಿಯುವುದನ್ನು ಅವನು ಕಣ್ಣಾರೆ ಕಂಡಿದ್ದ. ಬೀರು ಇದ್ದದ್ದು ಪಡುವಣ ಗೋಡೆಗೆ, ಮಧ್ಯಾಹ್ನದ ಬಿಸಿಲೆಲ್ಲ ಅದರ ಮೇಲೆ. ಸೇತುವೆ ಎಲ್ಲಕ್ಕಿಂತ ಹಳೆಯದು, ಮೂರು ಬೇಸಿಗೆ ತಿಂದದ್ದು. ಲೆಕ್ಕ ಕೂಡಿ ಬಂತು.

ಅವತ್ತೇ ನಾಲ್ಕೂ ನಾಣ್ಯ ಫ್ರಿಜ್ಜಿಗೆ ಹೋದವು. ಬಾಗಿಲಲ್ಲಿ ಮೊಟ್ಟೆ ಇಡುವ ಗುಳಿಗಳಿದ್ದವಲ್ಲ, ಅಲ್ಲಿ ಹೇಳಿ ಮಾಡಿಸಿದ ಹಾಗೆ ಕೂತವು.

"ಮೊಟ್ಟೆ ಎಲ್ಲಿಡ್ಲಿ ನಾನು?" ಎಂದಳು ಮುನಿರತ್ನಮ್ಮ.

"ಬೀರಲ್ಲಿಡು."

ಮುನಿರತ್ನಮ್ಮ ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದ ಹೆಂಗಸು. ಅಷ್ಟೂ ಮೊಟ್ಟೆ ಸಾರು ಮಾಡಿಬಿಟ್ಟಳು.

ಹತ್ತು ದಿನ ಕಳೆದು ಮತ್ತೆ ತೂಗಿಸಿದ. ಸೇತುವೆ ಇನ್ನೂ ಎರಡು ಮಿಲಿ ಇಳಿದಿತ್ತು. ಹಬೀಬುಲ್ಲಾ ತಲೆ ಕೆರೆದುಕೊಂಡ. ಸುದ್ದಿ ಮೂರ್ತಿಗೆ ಮುಟ್ಟಿತು. ಮೂರ್ತಿ ಗಾಡಿ ಹತ್ತಿ ಬಂದ.

"ಭಾವ, ಇದು ಆವಿ ಅಲ್ಲ, ಕಳ್ಳತನ. ಪಾಲಿಶ್ ಮಾಡೋ ನೆಪದಲ್ಲಿ ಆ್ಯಸಿಡ್‌ಗೆ ಅದ್ದಿ ಚಿನ್ನ ಎಳ್ಕೊಳ್ತಾರೆ. ನೋಡೋಕೆ ಹಂಗೇ ಇರುತ್ತೆ, ತೂಕ ಮಾತ್ರ ಹೋಗಿರುತ್ತೆ. ನೀವು ಡ್ಯೂಟಿಗೆ ಹೋದ್ಮೇಲೆ ಯಾರೋ ಮನೆಗೆ ಬರ್ತಾ ಇದಾರೆ."

ಅದೊಂದು ಮಾತು ಮೂರ್ತಿ ಸರಿಯಾಗಿ ಹೇಳಿದ್ದ, ಅವನಿಗೇ ಗೊತ್ತಿಲ್ಲದೆ.

ಠಾಣೆಯಲ್ಲಿ ರೈಟರು ಪೆನ್ನು ಹಿಡಿದು ಕೇಳಿದರು: "ಕಳವಾದ ಮಾಲು ಎಷ್ಟು?"

"ಮುನ್ನೂರ ಹತ್ತು ಮಿಲಿಗ್ರಾಂ ಸಾರ್."

"ಮಿಕ್ಕಿದ್ದು?"

"ಮನೇಲೇ ಇದೆ. ಫ್ರಿಜ್ಜಲ್ಲಿ."

"ಕಳ್ಳ ಒಳಗೆ ಬಂದು ಅಷ್ಟನ್ನೇ ತಗೊಂಡು, ಮಿಕ್ಕಿದ್ದನ್ನ ಬಿಟ್ಟುಹೋದ್ನಾ?"

"ಸ್ವಲ್ಪ ಸ್ವಲ್ಪ ತಗೊಂಡು ಹೋಗ್ತಾ ಇದಾನೆ ಸಾರ್. ಲಾಂಗ್ ಟರ್ಮ್ ಕಳ್ಳ."

ರೈಟರು ಪೆನ್ನು ಮುಚ್ಚಿದರು. ಆದರೂ ವಯಸ್ಸಾದ ಮನುಷ್ಯ ಬೇಜಾರು ಮಾಡಿಕೊಂಡಾನು ಎಂದು, ಅರಿಶಿನಕುಂಟೆಯಲ್ಲೇ ಮನೆ ಇದ್ದ ಪೇದೆ ಪ್ರಮೋದಾಳಿಗೆ ಡ್ಯೂಟಿಗೆ ಬರುವಾಗ ಒಂದು ಕಣ್ಣು ಹಾಯಿಸಿ ಬಾ ಎಂದರು.

ಸೋಮವಾರ ಮುನಿವೆಂಕಟಪ್ಪ ರಜಾ ಹಾಕಿದ. ಇಪ್ಪತ್ತೆರಡು ವರ್ಷದಲ್ಲಿ ವಾರದ ದಿನ ಬೆಳಿಗ್ಗೆ ಒಂಬತ್ತೂವರೆಗೆ ಅವನು ಮನೆಯಲ್ಲಿದ್ದದ್ದು ಅದೇ ಮೊದಲು. ಮುನಿರತ್ನಮ್ಮ ಎಂಟಕ್ಕೇ ಗಾರ್ಮೆಂಟ್ಸಿಗೆ ಹೋಗಿದ್ದಳು. ಮಾನಸ ಒಳಕೋಣೆಯಲ್ಲಿ ಮಲಗಿದ್ದಳು. ಮುನಿವೆಂಕಟಪ್ಪ ಸಾಕ್ಷಿ ಮುಟ್ಟಬೇಕಾಗಿ ಬಂದರೆ ಇರಲಿ ಎಂದು ಗ್ಲೌಸು ಹಾಕಿಕೊಂಡು ಬಾಗಿಲ ಪರದೆಯ ಹಿಂದೆ ನಿಂತ. ಪಕ್ಕದಲ್ಲಿ ಪ್ರಮೋದಾ, ಖಾಕಿ ಹಾಕಿಕೊಂಡು.

ಜಗಲಿಯ ಮೇಲೆ ಕಾಲಸಪ್ಪಳವಾಯಿತು. ಎಣ್ಣೆ ನೀರು ಹಾಕಿ ಬಟ್ಟೆಯಲ್ಲಿ ಸುತ್ತಿದ ಕೂಸುಗಳನ್ನು ಎತ್ತಿಕೊಂಡು ನಾಲ್ವರು ಹೆಂಗಸರು ಬಂದು ಕೂತರು. ಮುಂದೆ ಇದ್ದವಳು ಹಬೀಬುಲ್ಲಾನ ಸೊಸೆ ಶಾಕಿರಾ, ತೊಡೆಯ ಮೇಲೆ ಮೂರು ತಿಂಗಳ ತಂಜೀಲಾ.

"ಗ್ಯಾಂಗು," ಎಂದು ಪಿಸುಗುಟ್ಟಿದ ಮುನಿವೆಂಕಟಪ್ಪ.

"ಸುಮ್ನಿರಿ ಅಂಕಲ್. ಅವ್ರು ನಮ್ ಬೀದಿಯವ್ರು."

ಆಗ ಅಕ್ಕಯಮ್ಮ ಅಡಿಗೆಮನೆಯಿಂದ ಬಂದಳು. ನಿಧಾನವಾಗಿ ಫ್ರಿಜ್ಜಿನ ಬಾಗಿಲು ತೆಗೆದಳು. ಮೊಟ್ಟೆಯ ಗುಳಿಗಳ ಮೇಲೆ ಬೆರಳಾಡಿಸಿ ಮೊದಲನೆಯದನ್ನೇ ಆರಿಸಿ ತೆಗೆದಳು. ಜಗಲಿಗೆ ಬಂದು ಕೂತು, ಅಂಗೈಯಗಲದ ಸಾಣೆಕಲ್ಲು ಮುಂದಿಟ್ಟುಕೊಂಡು, ಶಾಕಿರಾ ಬಟ್ಟಲಲ್ಲಿ ತಂದಿದ್ದ ತನ್ನ ಎದೆಹಾಲನ್ನು ಎರಡು ತೊಟ್ಟು ಹಾಕಿದಳು. ಕೂಸಿಗೆ ಮಾತು, ಬುದ್ಧಿ ಚುರುಕಾಗಲಿ ಅಂತ ನೆಕ್ಕಿಸುವ ಬಜೆಯನ್ನು ಎರಡು ಸುತ್ತು ತೇದಳು. ಜಾಯಿಕಾಯಿ ಒಂದು ಸುತ್ತು. ಆಮೇಲೆ ಉಗುರಿನಿಂದ ಕರಡಿಗೆ ಮೀಟಿ, ಸ್ಪಂಜಿನ ಬಳೆ ಬಿಚ್ಚಿ, ನೂರು ವರ್ಷದ ಸೇತುವೆಯನ್ನು ಅಂಚಿನ ಮೇಲೆ ನಿಲ್ಲಿಸಿ ಕಲ್ಲಿಗೆ ಹಚ್ಚಿ ತೇದಳು. ಒಂದು, ಎರಡು, ಮೂರು ಸುತ್ತು. ನಾಣ್ಯದ ಒಂದು ಕಡೆ ಅಂಚು ಕಚ್ಚಿದ ಬಿಸ್ಕತ್ತಿನ ಹಾಗೆ ಚಪ್ಪಟೆಯಾಗಿತ್ತು.

"ನರ್ಸಮ್ಮ ಬೈತಾಳೆ, ಅದ್ಕೇ ಬೆರಳ ತುದೀಲಿ ಸೋಕಿಸ್ತೀನಿ ಅಷ್ಟೆ," ಎನ್ನುತ್ತ ತಂಜೀಲಾಳ ನಾಲಿಗೆಗೆ ಸವರಿದಳು. ತಂಜೀಲಾ ಇಡೀ ಮುಖವನ್ನು ಮೂಗಿನ ಹತ್ತಿರ ತಂದುಕೊಂಡಳು.

ಪರದೆಯ ಹಿಂದೆ ಮುನಿವೆಂಕಟಪ್ಪ ಪೇದೆಯ ಮುಖ ನೋಡಿದ. ಪ್ರಮೋದಾ ಗೋಡೆ ನೋಡುತ್ತಿದ್ದಳು.

"ಅಂಕಲ್, ಒಂದು ಮಾತು. ನನ್ ಮಗಂಗೂ ಇಲ್ಲೇ ಆರು ತಿಂಗಳು ತೇಯಿಸ್ಕೊಂಡು ಹೋಗಿದೀನಿ. ಹೋದ ವರ್ಷ."

ಮುನಿವೆಂಕಟಪ್ಪ ಪರದೆ ಸರಿಸಿ ಹೊರಗೆ ಬಂದ, ಅವನ ಹಿಂದೆ ಪ್ರಮೋದಾ. ಅಕ್ಕಯಮ್ಮ ತಲೆ ಎತ್ತಿದಳು.

"ಇವತ್ತು ಮನೇಲಿದೀಯಾ? ಒಳ್ಳೇದಾಯ್ತು, ಆ ಬಟ್ಟಲು ಹಿಡ್ಕೋ. ಕೈಗ್ಯಾಕೆ ಬಟ್ಟೆ ಸುತ್ಕೊಂಡಿದೀಯಾ, ಸುಟ್ಕೊಂಡ್ಯಾ?"

"ಅಮ್ಮ. ಅದು ಸೇತುವೆ."

"ಸೇತುವೆನೋ ಗೀತುವೆನೋ. ನನ್ ಉಂಗುರ ಇದ್ರೊಳಗೆ ತಾನೆ ಇರೋದು? ನೀನೇ ಅಂದೆ, ಉಂಗುರ ನಾಣ್ಯ ಆಯ್ತು ಅಂತ. ಮಿಕ್ಕ ಮೂರು ನಿನ್ನವು. ನಾನು ಮುಟ್ಟಿಲ್ಲ."

"ಉಂಗುರಾನೂ ತೇಯ್ತಿದ್ದೆಯಾ?"

"ಮತ್ತೆ ಅದು ಹೇಗೆ ತೆಳ್ಳಗಾಯ್ತು ಅಂದ್ಕೊಂಡೆ? ಐವತ್ತೊಂಬತ್ತು ವರ್ಷದ ಹಿಂದೆ ನಿನ್ನಿಂದ ಶುರು ಮಾಡಿದ್ದು. ಮೂರು ವರ್ಷ ಸ್ಟೂಲು ಹತ್ತಿ ಬೀರಿಂದ ತೆಗೀತಿದ್ದೆ. ಮೊನ್ನೆ ನೀನು ಕೆಳಗೆ ಫ್ರಿಜ್ಜಿಗೆ ಇಟ್ಟೆ ನೋಡು, ನಾನು ಬೀಳ್ತೀನಿ ಅಂತ ಇಟ್ಟಿದಾನೆ, ನನ್ ಮಗನಿಗೆ ಇಷ್ಟಾದ್ರೂ ಬುದ್ಧಿ ಬಂತಲ್ಲ ಅಂತ ದೇವರಿಗೆ ಕೈ ಮುಗಿದೆ."

ಖಾಕಿ ಕಂಡ ಬೀದಿ ಸುಮ್ಮನಿರುವುದಿಲ್ಲ. ಐದು ನಿಮಿಷದಲ್ಲಿ ಜಗಲಿಯ ಮುಂದೆ ಜನ ಸೇರಿದರು. ಹಬೀಬುಲ್ಲಾ ಅಂಗಡಿಗೆ ಹೊರಟವನು ಸ್ಕೂಟರ್ ನಿಲ್ಲಿಸಿದ. ಮೂರ್ತಿ ಎಲ್ಲಿದ್ದನೋ ಬಂದ.

"ಮಾಲು ಪತ್ತೆ ಆಯ್ತಲ್ಲ ಮೇಡಂ, ಜಪ್ತಿ ಮಾಡಿ," ಅಂದ ಮೂರ್ತಿ.

"ಎಲ್ಲಿಂದ ಮಾಡ್ಲಿ?" ಎಂದಳು ಪ್ರಮೋದಾ. ಬೀದಿಯಲ್ಲಿ ಮಾಲು ಗಾಲಿ ಓಡಿಸುತ್ತಿತ್ತು, ಮರಳಲ್ಲಿ ಆಡುತ್ತಿತ್ತು, ಒಂದು ಮಾಲು ಚಡ್ಡಿ ಇಲ್ಲದೆ ನಾಯಿಯನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು.

ಅಕ್ಕಯಮ್ಮ ಬೆರಳು ಮಡಿಸಿ ಎಣಿಸಿದಳು. ನಾಣ್ಯ ಬಂದ ಮೇಲೆ ಇಪ್ಪತ್ಮೂರು ಮಕ್ಕಳು. ಮೂರ್ತಿ ಮೊಬೈಲಿನಲ್ಲಿ ಭಾಗಿಸಿ, ತಲೆಗೆ ಹದಿಮೂರೂವರೆ ಮಿಲಿ ಎಂದು ಸಾರಿದ.

"ಹಂಗಾದ್ರೆ ನಮ್ಮನೇಲೂ ಅಷ್ಟಿದೆ ಗುರು," ಎಂದ ಹಬೀಬುಲ್ಲಾ, ಮೊಮ್ಮಗಳ ಕಡೆ ನೋಡಿ. "ಇಲ್ಲ, ಇವಳಿಗೆ ಮೂರೇ ತಿಂಗಳು. ಸ್ವಲ್ಪ ಕಮ್ಮಿ ಬಂದಿರುತ್ತೆ."

ಜನ ನಕ್ಕರು. ಆ ನಗುವಿಗೆ ಮುನಿವೆಂಕಟಪ್ಪನ ತಲೆ ಕೆಟ್ಟಿತು.

"ಅದು ನನ್ ಮೊಮ್ಮಗೂಗೆ ಅಂತ ಇಟ್ಟಿದ್ದು. ಕಂಡಕಂಡ ಮಕ್ಕಳಿಗಲ್ಲ."

ನಗು ನಿಂತಿತು. ಶಾಕಿರಾ ತಂಜೀಲಾಳನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. ಮಿಕ್ಕ ಮೂವರೂ ಎದ್ದರು. ಅಕ್ಕಯಮ್ಮ ನಾಣ್ಯವನ್ನು ಸೆರಗಿನಲ್ಲಿ ಒರೆಸಿ, ಕರಡಿಗೆಗೆ ಹಾಕಿ ಮಗನ ಗ್ಲೌಸಿನ ಮೇಲಿಟ್ಟಳು. ಸಾಣೆಕಲ್ಲು ತೊಳೆದು ತನ್ನ ಮಂಚದ ಕೆಳಕ್ಕೆ ತಳ್ಳಿದಳು. "ಆಯ್ತಪ್ಪ," ಎಂದಳು.

ಅವತ್ತು ಸಂಜೆ ಉಂಗುರದ ಕಥೆಯೆಲ್ಲ ಮುನಿರತ್ನಮ್ಮನ ಕಿವಿಗೂ ಬಿತ್ತು. ಅವಳು ಗಂಡನಿಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ. ನಾಣ್ಯ ಬೀರುವಿಗೆ ವಾಪಸು ಹೋಯಿತು. ಆಮೇಲೆ ಬೆಳಿಗ್ಗೆ ಒಂಬತ್ತೂವರೆಗೆ ಆ ಜಗಲಿಗೆ ಯಾರೂ ಬರಲಿಲ್ಲ. ಸೇತುವೆ ಒಂದು ಕೂದಲಿನಷ್ಟೂ ಇಳಿಯಲಿಲ್ಲ.

ಆ ವಾರವೇ ಮಾನಸಳಿಗೆ ಹೆರಿಗೆಯಾಯಿತು. ಹೆಣ್ಣು ಮಗು, ಮೂರು ಕೆಜಿ ನೂರು. ಆ ತೂಕವನ್ನು ಮುನಿವೆಂಕಟಪ್ಪ ವೇಬ್ರಿಡ್ಜಿಗೆ ಬಂದ ಲಾರಿಯವರಿಗೆಲ್ಲ ಹೇಳಿದ. ಹನ್ನೊಂದು ದಿನದ ಶಾಸ್ತ್ರ ಕಳೆದು ಬಂದ ಭಾನುವಾರ, ಹತ್ತು ಗಂಟೆಗೆ, ಗ್ಲೌಸು ಹಾಕಿ ಡಬ್ಬಿ ಹಿಡಿದು ಮೊಮ್ಮಗಳಿಗೆ ಅವಳ ಆಸ್ತಿ ತೋರಿಸಲು ಹೋದ.

"ಅಪ್ಪ, ಅದನ್ನ ಹಾಕ್ಕೊಂಡು ಎತ್ಕೋಬೇಡಿ. ಮಗು ಜಾರುತ್ತೆ," ಎಂದಳು ಮಾನಸ.

ಗ್ಲೌಸು ಬಿಚ್ಚಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡ. ಡಬ್ಬಿ ತೆರೆದು ತೋರಿಸಿದ. ಮಗು ಡಬ್ಬಿಯ ಕಡೆ ನೋಡಲಿಲ್ಲ, ಕಿಟಕಿ ನೋಡಿತು.

"ಅಜ್ಜಿ ನನ್ ಮಗೂಗೆ ತೇಯ್ದು ಕೊಡಲ್ವಂತೆ ಅಪ್ಪ. ಕೇಳಿದ್ರೆ ನಿಮ್ಮಪ್ಪನ್ನ ಕೇಳು ಅಂತಾರೆ."

ಮುನಿವೆಂಕಟಪ್ಪ ಮುಚ್ಚಳದ ಚೀಟಿ ಓದಿದ. ಇಪ್ಪತ್ತೊಂದು ವರ್ಷ. ಆಗ ತನಗೆ ಎಂಬತ್ತು. ತಾಯಿಗೆ ಎಷ್ಟು ಎಂದು ಕೂಡಲು ಹೋಗಿ ಅರ್ಧಕ್ಕೇ ಬಿಟ್ಟ. ಮಗುವನ್ನು ಮಾನಸಳಿಗೆ ಕೊಟ್ಟು, ಸೇತುವೆಯನ್ನು ಕರಡಿಗೆ ಸಮೇತ ಎತ್ತಿಕೊಂಡು ಅಕ್ಕಯಮ್ಮನ ಮಂಚದ ಹತ್ತಿರ ಹೋದ.

"ಅಮ್ಮ, ಪಾಪೂಗೆ ಮೂರು ಸುತ್ತು ತೇಯ್ದ್ಬಿಡು."

"ಆಗಲ್ಲ."

"ಯಾಕೆ? ನಾನೇ ಹೇಳ್ತಾ ಇದೀನಲ್ಲ."

"ಒಂದೇ ಮಗೂಗೆ ಅಂತ ಕಲ್ಲು ಹಾಕಲ್ಲ ನಾನು. ನಿಂಗೆ ತೇಯ್ದಾಗಲೂ ಇನ್ನಿಬ್ಬರು ಇದ್ರು. ಒಬ್ಬ ಹಬೀಬುಲ್ಲಾ."

ಮುನಿವೆಂಕಟಪ್ಪ ಕರಡಿಗೆಯನ್ನು ಮಂಚದ ಮೇಲಿಟ್ಟ. ಆಮೇಲೆ ಚಪ್ಪಲಿ ಮೆಟ್ಟಿದ.

ಹಬೀಬುಲ್ಲಾನೇ ಬಾಗಿಲು ತೆಗೆದ. "ಏನ್ ಗುರು, ತೂಕ ನೋಡೋಕೆ ಬಂದ್ಯಾ? ಮಗು ಮಲಗಿದೆ."

"ತಂಜೀಲಾನ ಕಳ್ಸು."

"ಯಾಕೆ?"

"ಅಮ್ಮ ಕಲ್ಲು ಹಾಕಲ್ಲ ಅಂತಾಳೆ ಕಣೋ. ನೀನೂ ಆ ಉಂಗುರದ್ದು ನೆಕ್ಕಿದೀಯಂತೆ. ಆವತ್ತು ನಿಂಗೆ ಹೇಳಿದ್ದಲ್ಲ ನಾನು, ಎಲ್ಲರ ಮುಂದೆ ಬಾಯಿಗೆ ಬಂದ್ಬಿಡ್ತು."

ಹಬೀಬುಲ್ಲಾ ಒಳಗೆ ತಿರುಗಿ ಸೊಸೆಯನ್ನು ಕರೆದ. "ಶಾಕಿರಾ, ಮಗೂನ ಎಬ್ಬಿಸಮ್ಮ. ವೇಬ್ರಿಡ್ಜು ನಡ್ಕೊಂಡು ಬಂದಿದೆ."

ಮಿಕ್ಕ ಮೂರು ಮನೆಗೂ ಹೋದ. ಒಂದು ಮನೆಯವಳು ಕೂಸಿಗೆ ನೀರು ಹಾಕುತ್ತಿದ್ದೇನೆ ಅಂದಳು. ಬಾಗಿಲಲ್ಲೇ ನಿಂತು ಕಾದ. ಇನ್ನೊಬ್ಬಳು, ಮತ್ತೆ ಪೊಲೀಸು ಇರ್ತಾರಾ ಎಂದು ಕೇಳಿದಳು. ಇಲ್ಲ ಎಂದು ದೇವರಾಣೆ ಹಾಕಿದ. ಹನ್ನೊಂದೂವರೆಯ ಹೊತ್ತಿಗೆ ಜಗಲಿ ತುಂಬಿತ್ತು. ಅಕ್ಕಯಮ್ಮ ಕಲ್ಲು ಈಚೆಗೆ ತೆಗೆಸಿದಳು. ಆದರೆ ಮೂರು ವಾರ ಬಿಟ್ಟ ಮಣಿಕಟ್ಟು ಹಿಡಿದುಕೊಂಡಿತ್ತು.

"ನೀನೇ ತೇಯಿ," ಎಂದಳು ಮಗನಿಗೆ.

ಮುನಿವೆಂಕಟಪ್ಪ ಮೊದಲ ಸಲ ತನ್ನ ಚಿನ್ನವನ್ನು ಬರಿ ಬೆರಳಲ್ಲಿ ಹಿಡಿದ. ಅದು ತಣ್ಣಗಿತ್ತು, ಅಂದುಕೊಂಡದ್ದಕ್ಕಿಂತ ಚಿಕ್ಕದಿತ್ತು. ಬಗ್ಗಿ ತೇದ.

"ಅಷ್ಟು ಒತ್ಬೇಡ, ಗಾರೆ ಉಜ್ತಾ ಇದೀಯಾ? ಸುತ್ತಿಸು. ಹಾಂ. ಇನ್ನೊಂದು. ಸಾಕು."

ತಂಜೀಲಾಗೆ ಮೊದಲು, ಮಿಕ್ಕ ಮೂವರಿಗೆ ಆಮೇಲೆ. ಕೊನೆಗೆ ತನ್ನ ಮೊಮ್ಮಗಳಿಗೆ. ಅಕ್ಕಯಮ್ಮ ಬೆರಳ ತುದಿಯಲ್ಲಿ ತೆಗೆದು ಆ ಪುಟ್ಟ ನಾಲಿಗೆಗೆ ಸವರಿದಳು. ಮಗು ಒಂದು ಗಳಿಗೆ ಯೋಚನೆ ಮಾಡಿತು. ಆಮೇಲೆ ಹಾಲಿನ ಸಮೇತ ಅಷ್ಟನ್ನೂ ತಾತನ ಮುಂಗೈ ಮೇಲೆ ಉಗುಳಿತು.

ಮುನಿವೆಂಕಟಪ್ಪ ಪಂಚೆಯ ತುದಿ ಎತ್ತಿ ಒರೆಸಿಕೊಳ್ಳಲು ಹೋದ.

"ಒರೆಸ್ಬೇಡ, ಚಿನ್ನ ಅದು," ಎಂದು ಅಕ್ಕಯಮ್ಮ ಅವನ ಕೈ ಹಿಡಿದು, ಮುಂಗೈ ಮೇಲಿದ್ದದ್ದನ್ನು ತನ್ನ ಬೆರಳಲ್ಲಿ ಬಳಿದು, ಅವನ ಬಾಯಿಗೇ ಇಟ್ಟಳು.

ಬಜೆ ಬಹಳ ಕಹಿ. ಐದು ಜನ ತಾಯಂದಿರು, ಒಬ್ಬ ಹಬೀಬುಲ್ಲಾ ನೋಡುತ್ತಿದ್ದಂತೆ ಮುನಿವೆಂಕಟಪ್ಪ ಕಣ್ಣು ಮುಚ್ಚಿ ಮುಖ ಕಿವುಚಿದ.

"ಅವತ್ತೂ ಹಿಂಗೇ ಮಾಡಿದ್ದ," ಎಂದಳು ಅಕ್ಕಯಮ್ಮ ಶಾಕಿರಾಳ ಕಡೆ ತಿರುಗಿ. "ಒಂದಿಷ್ಟೂ ಬದಲಾಗಿಲ್ಲ ನೋಡು."